ದೆವ್ವದ ಪಾತ್ರ, ಬೇರೆಯವರ ಧ್ವನಿ: ಬಾರ್ಬರಾ ಸ್ಟೀಲ್ ಬಗ್ಗೆ ಒಬ್ಬ ನಟಿಯ ಪ್ರಶ್ನೆ

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 27. ಹತ್ತು ವರ್ಷಗಳಿಂದ ರಂಗಭೂಮಿಯಲ್ಲಿದ್ದೇನೆ. ಕಳೆದ ವರ್ಷ ಒಂದು ಸಿನಿಮಾದಲ್ಲಿ ದೆವ್ವ ಹಿಡಿದ ಸೊಸೆಯ ಪಾತ್ರ ಮಾಡಿದೆ. ಈಗ ಇನ್ನೊಂದು ತಂಡದಿಂದ ಅಂಥದೇ ಪಾತ್ರ ಬಂದಿದೆ. ಜೊತೆಗೆ, ‘ನಿಮ್ಮ ಧ್ವನಿ ದಪ್ಪ, ಬೇರೆಯವರಿಂದ ಡಬ್ಬಿಂಗ್ ಮಾಡಿಸುತ್ತೇವೆ’ ಎಂದಿದ್ದಾರೆ. ಇದೇ ಹೊತ್ತಿನಲ್ಲಿ ಗೆಳತಿಯೊಬ್ಬಳು ಬ್ರಿಟಿಷ್ ನಟಿ ಬಾರ್ಬರಾ ಸ್ಟೀಲ್ ಅವರ ‘ಬ್ಲ್ಯಾಕ್ ಸಂಡೇ’ ಚಿತ್ರ ತೋರಿಸಿದಳು. ಎರಡು ರಾತ್ರಿ ಆ ಕಣ್ಣುಗಳು ನನ್ನನ್ನು ಬಿಡಲಿಲ್ಲ. ಆಮೇಲೆ ಓದಿದರೆ, ಅದರಲ್ಲಿ ಕೇಳುವುದು ಅವರ ಧ್ವನಿಯೇ ಅಲ್ಲವಂತೆ. ಎಲ್ವಿಸ್ ಪ್ರೀಸ್ಲಿಯ ಚಿತ್ರದಿಂದ ಹೊರಬಿದ್ದ ಮೇಲೆ ಬೇರೆ ದಾರಿ ಕಾಣದೆ ಇಟಲಿಗೆ ಹೋದರಂತೆ, ದೆವ್ವದ ಚಿತ್ರಗಳಲ್ಲಿ ಸಿಕ್ಕಿಬಿದ್ದು ಅಲ್ಲಿಗೇ ಮುಗಿದುಹೋದರಂತೆ. ಹಾಗಾದರೆ ನಾನು ಮೆಚ್ಚಿದ್ದು ಯಾರ ಅಭಿನಯವನ್ನು? ಬಂದಿರುವ ಪಾತ್ರವನ್ನು ಒಪ್ಪಲೇ, ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದೆವ್ವದ ಪಾತ್ರದ ಮುದ್ರೆ ಬಿದ್ದರೆ ಮತ್ತೆ ಅಳಿಸಲಾಗದು ಎಂಬುದು ಒಂದು. ಧ್ವನಿ ಕೊಟ್ಟುಬಿಟ್ಟರೆ ಉಳಿಯುವುದು ನಟನೆಯೇ ಅಲ್ಲ ಎಂಬುದು ಇನ್ನೊಂದು. ಇವಕ್ಕೆ ಔಷಧ ಬೇರೆ ಬೇರೆ. ನಾನು ಇಪ್ಪತ್ತಾರು ವರ್ಷಗಳಿಂದ ಡಬ್ಬಿಂಗ್ ಥಿಯೇಟರಿನ ಗಾಜಿನ ಹಿಂದೆ ಕುಳಿತು ಒಬ್ಬರ ತುಟಿಗೆ ಇನ್ನೊಬ್ಬರ ಮಾತು ಕೂಡಿಸುವ ಕೆಲಸ ಮಾಡಿದವನು. ಬಾರ್ಬರಾ ಸ್ಟೀಲ್ ಅವರ ಚಿತ್ರಗಳನ್ನು ಅದೇ ಕಿವಿಯಿಂದ ಕೇಳಿದ್ದೇನೆ. ನೀವು ಓದಿದ ಕಥೆಯಲ್ಲಿ ನಿಜವೂ ಇದೆ, ತಪ್ಪೂ ಇದೆ. ಮೊದಲು ತಪ್ಪನ್ನು ತೆಗೆದಿಡುತ್ತೇನೆ.

ಸ್ಟೀಲ್ ಹುಟ್ಟಿದ್ದು 1937ರ ಡಿಸೆಂಬರ್‌ನಲ್ಲಿ, ಲಿವರ್‌ಪೂಲ್‌ನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. ಚಿತ್ರಕಲೆ ಕಲಿತವರು. ಬ್ರಿಟನ್ನಿನ ರ‍್ಯಾಂಕ್ ಸಂಸ್ಥೆ ಅವರನ್ನು ಕರಾರಿಗೆ ತೆಗೆದುಕೊಂಡು ‘ಬ್ಯಾಚುಲರ್ ಆಫ್ ಹಾರ್ಟ್ಸ್’ (1958) ಮುಂತಾದ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಕೊಟ್ಟಿತು. ಆಮೇಲೆ ಆ ಕರಾರನ್ನೇ ಹಾಲಿವುಡ್‌ನ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಮಾರಿತು. ಆ ಕಾಲದ ಸ್ಟುಡಿಯೊ ಪದ್ಧತಿಯಲ್ಲಿ ನಟಿಯರ ಕರಾರು ಹೀಗೆ ಕೈ ಬದಲಾಯಿಸುವುದು ಮಾಮೂಲಿ ಸಂಗತಿ.

ಎಲ್ವಿಸ್ ಚಿತ್ರದಿಂದ ಹೊರಬಿದ್ದ ಕಾರಣಕ್ಕೇ ಇಟಲಿಗೆ ಹೋದರು ಎನ್ನುವ ಮಾತು ಬಹಳ ಕಡೆ ಇದೆ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಅದು ನಿಲ್ಲುವುದಿಲ್ಲ. ಮಾರಿಯೊ ಬಾವಾ ನಿರ್ದೇಶಿಸಿದ ‘ಬ್ಲ್ಯಾಕ್ ಸಂಡೇ’ಯ ಚಿತ್ರೀಕರಣ ನಡೆದದ್ದು 1960ರ ವಸಂತದಲ್ಲಿ. ಆಗ ಹಾಲಿವುಡ್‌ನಲ್ಲಿ ನಟರ ಮುಷ್ಕರ ಆರಂಭವಾಗಿ ಕೆಲಸ ನಿಂತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಚಿತ್ರ ಇಟಲಿಯಲ್ಲಿ ಬಿಡುಗಡೆಯಾಯಿತು. ಎಲ್ವಿಸ್ ನಟಿಸಿದ ‘ಫ್ಲೇಮಿಂಗ್ ಸ್ಟಾರ್’ ಚಿತ್ರೀಕರಣ ಶುರುವಾದದ್ದೇ ಆ ಆಗಸ್ಟ್‌ನಲ್ಲಿ. ಸ್ಟೀಲ್ ಅದರಿಂದ ಹೊರಬಂದದ್ದು ನಿಜ, ಆ ಪಾತ್ರ ಬಾರ್ಬರಾ ಈಡನ್ ಪಾಲಾದದ್ದೂ ನಿಜ. ಆದರೆ ಅಷ್ಟು ಹೊತ್ತಿಗೆ ಅವರ ಜೀವನದ ಅತ್ಯಂತ ಮುಖ್ಯ ಚಿತ್ರ ಮುಗಿದು ತೆರೆಯ ಮೇಲಿತ್ತು. ಸೋತು ಓಡಿಹೋದ ಹುಡುಗಿ ಎಂದು ನೀವು ಅವರನ್ನು ಕಲ್ಪಿಸಿಕೊಂಡಿದ್ದರೆ ಆ ಚಿತ್ರವನ್ನು ದಯವಿಟ್ಟು ಅಳಿಸಿಬಿಡಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಸ್ಟೀಲ್ ಅವರನ್ನು ಭಯದ ಚಿತ್ರಗಳಿಗೆ ಹೆಸರಾದ ಬ್ರಿಟನ್ನಿನ ‘ಹ್ಯಾಮರ್ ಕಂಪನಿಯ ನಟಿ’ ಎಂದು ಬರೆಯುವವರಿದ್ದಾರೆ. ಅವರು ಹ್ಯಾಮರ್‌ನ ಒಂದು ಚಿತ್ರದಲ್ಲೂ ನಟಿಸಿಲ್ಲ. ‘ದಿ ಗಾರ್ಗನ್’, ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ಚಿತ್ರಗಳಲ್ಲಿ ಇದ್ದವರು ಇನ್ನೊಬ್ಬ ಬಾರ್ಬರಾ, ಅಂದರೆ ಬಾರ್ಬರಾ ಶೆಲ್ಲಿ. ಅವರೂ ದೊಡ್ಡ ನಟಿ, ಮುಂದೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಕೆಲಸ ಮಾಡಿದವರು. ಇಬ್ಬರೂ ಇಂಗ್ಲೆಂಡಿನವರು, ಒಂದೇ ದಶಕದವರು, ಒಂದೇ ಬಗೆಯ ಚಿತ್ರಗಳವರು. ಹಾಗಾಗಿ ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟಿಕೊಂಡಿದೆ.

ಈಗ ಧ್ವನಿಯ ವಿಷಯ. ನೀವು ಓದಿದ್ದು ನಿಜ, ‘ಬ್ಲ್ಯಾಕ್ ಸಂಡೇ’ಯಲ್ಲಿ ಕೇಳುವುದು ಸ್ಟೀಲ್ ಅವರ ಧ್ವನಿಯಲ್ಲ. ಅಷ್ಟೇ ಅಲ್ಲ, ಆ ದೇಹಕ್ಕೆ ಮೂರು ಧ್ವನಿಗಳಿವೆ. ಇಟಾಲಿಯನ್ ಆವೃತ್ತಿಗೆ ಒಂದು, ರಫ್ತಿಗೆಂದು ಮೊದಲು ಮಾಡಿಸಿದ ಇಂಗ್ಲಿಷಿಗೆ ಒಂದು. ಬಳಿಕ ಅಮೆರಿಕದ ಎ.ಐ.ಪಿ. (ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್) ಕಂಪನಿ ಚಿತ್ರವನ್ನು ಕೊಂಡು ಕೆಲವು ನಿಮಿಷ ಕತ್ತರಿಸಿ, ಲೆಸ್ ಬ್ಯಾಕ್ಸ್ಟರ್ ಅವರಿಂದ ಸಂಗೀತವನ್ನೂ ಬದಲಾಯಿಸಿ, ಮಾತುಗಳನ್ನು ಮತ್ತೊಮ್ಮೆ ಡಬ್ ಮಾಡಿಸಿತು. 1961ರಲ್ಲಿ ಅಮೆರಿಕ ನೋಡಿದ್ದು ಇದನ್ನು. ಗೆಳತಿ ತೋರಿಸಿದ್ದು ಯಾವ ಆವೃತ್ತಿ ಎಂದು ವಿಚಾರಿಸಿ ನೋಡಿ. ಇನ್ನೊಂದು ಆವೃತ್ತಿಯಲ್ಲಿ ಅದೇ ಮುಖ ಬೇರೆ ಹೆಂಗಸಾಗಿ ಕಾಣುತ್ತದೆ.

ಇದು ನಟಿಗೆ ಮಾಡಿದ ಅವಮಾನವಾಗಿರಲಿಲ್ಲ. ಆಗಿನ ಇಟಲಿಯ ಚಿತ್ರೋದ್ಯಮದಲ್ಲಿ ಸೆಟ್ಟಿನಲ್ಲಿ ದಾಖಲಿಸಿದ ಧ್ವನಿಯನ್ನು ಅಂತಿಮ ಚಿತ್ರಕ್ಕೆ ಬಳಸುವ ರೂಢಿಯೇ ಇರಲಿಲ್ಲ. ಒಂದೇ ದೃಶ್ಯದಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಇಟಾಲಿಯನ್ ಆಡುತ್ತಿದ್ದರು. ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕರು ಪಕ್ಕದಿಂದ ಸೂಚನೆ ಕೂಗಬಹುದಿತ್ತು. ಮಾತೆಲ್ಲ ಆಮೇಲೆ ಸ್ಟುಡಿಯೊದಲ್ಲಿ. ಇಟಲಿಯ ದೊಡ್ಡ ತಾರೆಯರಿಗೂ ಇದೇ ನಿಯಮ. ನಮ್ಮಲ್ಲೂ ಪೈಲಟ್ ಟ್ರ್ಯಾಕ್ (ಸೆಟ್ಟಿನಲ್ಲಿ ಗುರುತಿಗೆಂದು ದಾಖಲಿಸಿದ ಮಾತು) ಮಾತ್ರ ಇಟ್ಟುಕೊಂಡು ಎಲ್ಲವನ್ನೂ ಡಬ್ಬಿಂಗ್‌ನಲ್ಲಿ ಮಾಡಿದ ಕಾಲ ದೂರದ್ದೇನಲ್ಲ. ನಮ್ಮ ಎಷ್ಟೋ ನಾಯಕಿಯರ ಮಾತು ಕಂಠದಾನ ಕಲಾವಿದೆಯರದು ಎಂದು ಪ್ರೇಕ್ಷಕರಿಗೂ ಗೊತ್ತು.

ಆದರೆ ಮರುವರ್ಷ ನಡೆದದ್ದಕ್ಕೆ ಈ ಸಮಾಧಾನ ಸಾಲದು. 1961ರಲ್ಲಿ ಸ್ಟೀಲ್ ಅಮೆರಿಕದಲ್ಲಿ ರೋಜರ್ ಕೊರ್ಮನ್ ಅವರ ‘ದಿ ಪಿಟ್ ಅಂಡ್ ದಿ ಪೆಂಡುಲಂ’ನಲ್ಲಿ ವಿನ್ಸೆಂಟ್ ಪ್ರೈಸ್ ಜೊತೆ ನಟಿಸಿದರು. ಅದು ಇಂಗ್ಲಿಷ್ ಚಿತ್ರ, ಅವರು ಇಂಗ್ಲಿಷ್ ನಟಿ. ಆದರೂ ಧ್ವನಿ ಬದಲಾಯಿಸಿದರು. ಅವರ ಉಚ್ಚಾರಣೆಯ ಧಾಟಿ ಉಳಿದ ನಟರೊಂದಿಗೆ ಹೊಂದುತ್ತಿಲ್ಲ ಎಂಬುದು ಕೊರ್ಮನ್ ಕೊಟ್ಟ ಕಾರಣ. ಇದು ರೂಢಿಯಲ್ಲ, ಆಯ್ಕೆ. ನಿಮಗೆ ‘ಧ್ವನಿ ದಪ್ಪ’ ಎಂದವರು ಮಾಡುತ್ತಿರುವುದೂ ಈ ಎರಡನೆಯ ಬಗೆಯದು. ಆ ಚಿತ್ರದ ಕೊನೆಯ ಚೌಕಟ್ಟನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಆಕೆಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದಾರೆ. ಅವಳು ಅಲ್ಲಿರುವುದು ಉಳಿದವರಿಗೆ ಗೊತ್ತಿಲ್ಲ. ಕೋಣೆಗೆ ಶಾಶ್ವತವಾಗಿ ಬೀಗ ಹಾಕಿ ಹೊರಡುತ್ತಾರೆ. ಪೆಟ್ಟಿಗೆಯ ಕಿಂಡಿಯಲ್ಲಿ ಎರಡು ಕಣ್ಣುಗಳು ಮಾತ್ರ. ಚಿತ್ರದುದ್ದಕ್ಕೂ ಬಾಯಲ್ಲಿ ಬೇರೆಯವರ ಧ್ವನಿ ಇದ್ದ ನಟಿಗೆ ಪೂರ್ತಿ ಸ್ವಂತದ್ದೆಂದು ಉಳಿದ ನಿಮಿಷ ಅದೊಂದೇ. ಪ್ರೇಕ್ಷಕರು ಇಂದಿಗೂ ಮರೆಯದೆ ಇರುವುದೂ ಅದನ್ನೇ.

ಹಾಗಾದರೆ ನೀವು ಮೆಚ್ಚಿದ್ದು ಯಾರನ್ನು ಎಂಬುದಕ್ಕೆ ನನ್ನ ಕಸುಬಿನಿಂದಲೇ ಉತ್ತರಿಸುತ್ತೇನೆ. ಡಬ್ಬಿಂಗ್ ಮಾಡುವಾಗ ನಾವು ಮೊದಲು ನೋಡುವುದು ಪವರ್ಗದ ಅಕ್ಷರಗಳನ್ನು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ಅದು ಕೂಡಿದರೆ ಉಳಿದದ್ದನ್ನು ಹೇಗೋ ಹೊಂದಿಸಬಹುದು. ನಿಜವಾಗಿ ಕೈಕೊಡುವುದು ಉಸಿರು. ನಟಿ ಮಾತಿಗೆ ಮುಂಚೆ ಎಲ್ಲಿ ಉಸಿರೆಳೆದಳು, ಎಲ್ಲಿ ತಡೆದಳು ಎಂಬುದು ಕುತ್ತಿಗೆಯ ಬುಡದಲ್ಲಿ, ಹೆಗಲಿನಲ್ಲಿ ಕಾಣುತ್ತದೆ. ಕಂಠದಾನ ಕಲಾವಿದೆ ಅಲ್ಲೇ ಉಸಿರೆಳೆಯಬೇಕು, ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಅದು ಮೇಲಿಂದ ಅಂಟಿಸಿದ ಹಾಗೆ ಕೇಳುತ್ತದೆ. ಒಳ್ಳೆಯ ಕಂಠದಾನ ಕಲಾವಿದೆಗೆ ದಾರಿ ತೋರಿಸುವುದು ನಟಿಯ ದೇಹ. ಆ ಕಲಾವಿದೆಯರ ಶ್ರಮ ದೊಡ್ಡದು. ಅವರ ಹೆಸರು ಪರದೆಯ ಮೇಲೆ ಸಾಕಷ್ಟು ದೊಡ್ಡದಾಗಿ ಬರುವುದಿಲ್ಲ ಎಂಬ ನೋವು ನನಗೆ ಯಾವಾಗಲೂ ಇದೆ.

‘ಬ್ಲ್ಯಾಕ್ ಸಂಡೇ’ಯಲ್ಲಿ ಸ್ಟೀಲ್ ಅವರದು ದ್ವಿಪಾತ್ರ. ಆಸಾ ಎಂಬ ಮಾಟಗಾತಿ, ಎರಡು ಶತಮಾನಗಳ ನಂತರ ಅದೇ ವಂಶದಲ್ಲಿ ಹುಟ್ಟಿದ ಕಾಟ್ಯಾ. ಆಸಾಳ ಮುಖಕ್ಕೆ ಒಳಗಡೆ ಮುಳ್ಳುಗಳಿರುವ ಮುಖವಾಡ ಇಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಜೀವ ಬಂದ ಮೇಲೆ ಅವಳ ಮುಖದ ತುಂಬ ಆ ಮುಳ್ಳುಗಳ ತೂತುಗಳು. ಬಹಳ ಹೊತ್ತು ಅವಳಿಗೆ ಏಳಲೂ ಆಗದು, ಶವಪೆಟ್ಟಿಗೆಯ ಕಲ್ಲಿನ ಮೇಲೆ ಮಲಗಿಯೇ ಎದುರು ನಿಂತ ವೈದ್ಯನನ್ನು ತನ್ನೆಡೆಗೆ ಸೆಳೆಯಬೇಕು. ಕೈಕಾಲಿಗೆ ಕೆಲಸವಿಲ್ಲ, ಧ್ವನಿ ತನ್ನದಲ್ಲ. ಏರಿಳಿಯುವ ಎದೆ ಮತ್ತು ಆ ಕಣ್ಣುಗಳಷ್ಟೇ ಇವೆ. 22ರ ಹುಡುಗಿ ಅಷ್ಟರಲ್ಲೇ ಆ ದೃಶ್ಯವನ್ನು ಹೊತ್ತು ನಡೆದಳು. ನಿಮ್ಮನ್ನು ಎರಡು ರಾತ್ರಿ ಕಾಡಿದ್ದು ಅದು, ಮತ್ತು ಅದು ಪೂರ್ತಿಯಾಗಿ ಅವರದೇ.

ನೀವು ರಂಗಭೂಮಿಯವರು, ಯಕ್ಷಗಾನ ನೋಡಿರುತ್ತೀರಿ. ಅಲ್ಲಿ ಮಾಯಾ ಶೂರ್ಪನಖಿಯನ್ನು ಸ್ತ್ರೀವೇಷದವರು ಮಾಡುತ್ತಾರೆ, ಘೋರ ಶೂರ್ಪನಖಿಗೆ ಬಣ್ಣದ ವೇಷದವರು ಬೇರೆ ಬರುತ್ತಾರೆ. ಚೆಲುವಿಗೆ ಒಬ್ಬರು, ಭಯಕ್ಕೆ ಇನ್ನೊಬ್ಬರು. ಸ್ಟೀಲ್ ಆ ಎರಡು ವೇಷಗಳನ್ನೂ ಒಂದೇ ಮುಖದಲ್ಲಿ ಇಟ್ಟುಕೊಂಡು ಬಂದವರು. ಇಟಲಿಯ ನಿರ್ಮಾಪಕರು ಹಿಡಿದುಕೊಂಡದ್ದೂ ಇದನ್ನೇ. ‘ದಿ ಲಾಂಗ್ ಹೇರ್ ಆಫ್ ಡೆತ್’, ‘ನೈಟ್‌ಮೇರ್ ಕ್ಯಾಸಲ್’, ‘ಆ್ಯನ್ ಏಂಜೆಲ್ ಫಾರ್ ಸೇಟನ್’ ಎಲ್ಲದರಲ್ಲೂ ಮತ್ತೆ ಇಬ್ಬರು ಹೆಂಗಸರು: ಒಬ್ಬಳು ಸೌಮ್ಯೆ, ಒಬ್ಬಳು ಸೇಡಿನವಳು.

ಮುದ್ರೆ ಬೀಳುವುದು ಹೀಗೆ. ಒಂದು ಪಾತ್ರ ಗೆದ್ದರೆ ಮುಂದಿನ ನಿರ್ಮಾಪಕರಿಗೆ ಹೊಸದಾಗಿ ಯೋಚಿಸುವ ಅಗತ್ಯವಿರುವುದಿಲ್ಲ. ಸ್ಟೀಲ್ ಅವರ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರಿತ್ತು. ಆಗ ಇಟಲಿಯ ಪ್ರೇಕ್ಷಕರಿಗೆ ಭಯದ ಚಿತ್ರ ಎಂದರೆ ಇಂಗ್ಲಿಷಿನದೇ ಆಗಬೇಕಿತ್ತು. ಅದಕ್ಕಾಗಿ ಅಲ್ಲಿನ ನಿರ್ದೇಶಕರಾದ ರಿಕಾರ್ಡೊ ಫ್ರೆಡಾ ‘ರಾಬರ್ಟ್ ಹ್ಯಾಂಪ್ಟನ್’ ಆದರು, ಆಂಟೋನಿಯೊ ಮಾರ್ಗೆರಿಟಿ ‘ಆಂಥನಿ ಡಾಸನ್’ ಆದರು. ಪೋಸ್ಟರಿನಲ್ಲಿ ಇಂಥ ಸುಳ್ಳು ಹೆಸರುಗಳ ನಡುವೆ ನಿಜವಾದ ಇಂಗ್ಲಿಷ್ ಹೆಸರು ಬಾರ್ಬರಾ ಸ್ಟೀಲ್ ಎಂಬುದು. ಹೆಸರು ಬೇಕಿತ್ತು, ಮುಖ ಬೇಕಿತ್ತು, ಧ್ವನಿ ಮಾತ್ರ ಬೇಕಿರಲಿಲ್ಲ. 1960ರಿಂದ 1966ರ ನಡುವೆ ಇಂಥ ಸುಮಾರು ಒಂಬತ್ತು ಚಿತ್ರಗಳನ್ನು ಮಾಡಿದರು. ಕೆಲವು ಎರಡೇ ವಾರಗಳಲ್ಲಿ ಮುಗಿದವು. ಮೈಕಲ್ ರೀವ್ಸ್ ಅವರ ಮೊದಲ ಚಿತ್ರ ‘ದಿ ಶಿ ಬೀಸ್ಟ್’ಗೆ ಅವರು ಕೊಟ್ಟದ್ದು ಒಂದೇ ಒಂದು ದಿನದ ಕಾಲ್‌ಶೀಟ್. ಇವುಗಳಲ್ಲಿ ಸಾಧಾರಣ ಚಿತ್ರಗಳೂ ಇವೆ. ಫ್ರೆಡಾ ನಿರ್ದೇಶನದ ‘ದಿ ಹಾರಿಬಲ್ ಡಾಕ್ಟರ್ ಹಿಚ್ಕಾಕ್’ (1962) ಮತ್ತು ಮಾರ್ಗೆರಿಟಿಯ ‘ಕ್ಯಾಸಲ್ ಆಫ್ ಬ್ಲಡ್’ (1964) ಮಾತ್ರ ನನ್ನ ಲೆಕ್ಕದಲ್ಲಿ ಬಾವಾ ಚಿತ್ರದ ಪಕ್ಕದಲ್ಲೇ ನಿಲ್ಲುತ್ತವೆ.

ಅದೇ ವರ್ಷಗಳಲ್ಲಿ ಅವರು ಇಟಲಿಯ ಹೆಸರಾಂತ ನಿರ್ದೇಶಕ ಫೆಲಿನಿಯ ‘ಎಂಟೂವರೆ’ (1963) ಚಿತ್ರದಲ್ಲಿ ಗ್ಲೋರಿಯಾ ಆಗಿದ್ದರು, ಫೋಲ್ಕರ್ ಶ್ಲೋಂಡಾರ್ಫ್ ಅವರ ‘ಯಂಗ್ ಟೋರ್ಲೆಸ್’ (1966) ಚಿತ್ರದಲ್ಲೂ ಇದ್ದರು. ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆದರೆ ಒಳ್ಳೆಯ ಬಾಗಿಲಿನಲ್ಲಿ ಸಿಕ್ಕಿದ್ದು ಸಣ್ಣ ಪಾತ್ರಗಳು, ದೊಡ್ಡ ಪಾತ್ರ ಬೇಕೆಂದರೆ ಶವಪೆಟ್ಟಿಗೆಗೇ ಮರಳಬೇಕಿತ್ತು. 1968ರ ‘ಕರ್ಸ್ ಆಫ್ ದಿ ಕ್ರಿಮ್ಸನ್ ಆಲ್ಟರ್’ನಲ್ಲಿ ಬೋರಿಸ್ ಕಾರ್ಲಾಫ್, ಕ್ರಿಸ್ಟೊಫರ್ ಲೀ ಅವರಂಥ ದಿಗ್ಗಜರ ಜೊತೆ ಕರೆದು, ಮೈಗೆ ಹಸಿರು ಬಣ್ಣ ಬಳಿದು ತಲೆಗೆ ಕೊಂಬು ಇಟ್ಟು ಕೂರಿಸಿದರು. ಇನ್ನು ಶವಪೆಟ್ಟಿಗೆಯಿಂದ ಎದ್ದುಬರುವ ಪಾತ್ರ ಸಾಕು ಎಂಬರ್ಥದ ಮಾತನ್ನು ಅವರು ಬೇಸತ್ತು ಆಡಿದ್ದು ಪ್ರಸಿದ್ಧ. ನಿಮ್ಮ ಮೊದಲ ಭಯಕ್ಕೆ ಆಧಾರ ಇಲ್ಲ ಎಂದು ನಾನು ಹೇಳಲಾರೆ.

‘ಅಲ್ಲಿಗೇ ಮುಗಿದುಹೋದರು’ ಎಂಬ ಮಾತು ಮಾತ್ರ ಪೂರ್ತಿ ಸುಳ್ಳು. 1974ರಲ್ಲಿ ಜೊನಾಥನ್ ಡೆಮಿ ಅವರ ‘ಕೇಜ್ಡ್ ಹೀಟ್’ನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಜೈಲು ಅಧಿಕಾರಿಣಿ, 1975ರಲ್ಲಿ ಡೇವಿಡ್ ಕ್ರೋನೆನ್‌ಬರ್ಗ್ ಅವರ ‘ಶಿವರ್ಸ್’, 1978ರಲ್ಲಿ ಜೋ ಡಾಂಟೆಯ ‘ಪಿರಾನಾ’ದಲ್ಲಿ ವಿಜ್ಞಾನಿ. ಇವೆಲ್ಲ ಅವರದೇ ಧ್ವನಿಯಲ್ಲಿವೆ. ಒಮ್ಮೆ ಕೇಳಿ. ಎಷ್ಟೋ ನಿರ್ಮಾಪಕರಿಗೆ ಬೇಡವಾಗಿದ್ದ ಆ ಧ್ವನಿ ತಣ್ಣಗಿದೆ, ಆಳವಾಗಿದೆ, ಸ್ವಲ್ಪ ಹೊಗೆಯಾಡಿದಂತಿದೆ. ಅದನ್ನು ಮೊದಲ ಸಲ ಕೇಳಿದ ದಿನ ನನಗೆ ಹತ್ತು ವರ್ಷಗಳ ಚಿತ್ರಗಳ ಬಗ್ಗೆ ಹೊಟ್ಟೆ ಉರಿಯಿತು. ಆಮೇಲೆ ಅವರು ನಿರ್ಮಾಣದ ಕಡೆಗೆ ಹೊರಳಿದರು. ಡ್ಯಾನ್ ಕರ್ಟಿಸ್ ಅವರೊಂದಿಗೆ ಎರಡನೆಯ ಮಹಾಯುದ್ಧದ ಬೃಹತ್ ಟಿ.ವಿ. ಸರಣಿಗಳಾದ ‘ದಿ ವಿಂಡ್ಸ್ ಆಫ್ ವಾರ್’ (1983) ಮತ್ತು ‘ವಾರ್ ಅಂಡ್ ರಿಮೆಂಬ್ರೆನ್ಸ್’ಗೆ ದುಡಿದು, ಎರಡನೆಯದಕ್ಕೆ ನಿರ್ಮಾಪಕಿಯಾಗಿ 1989ರ ಎಮ್ಮಿ ಪ್ರಶಸ್ತಿಯಲ್ಲಿ ಪಾಲು ಪಡೆದರು. 1991ರ ‘ಡಾರ್ಕ್ ಶ್ಯಾಡೋಸ್’ ಸರಣಿಯಲ್ಲಿ ಮತ್ತೆ ಭಯದ ಲೋಕಕ್ಕೆ ಬಂದರು, ಈ ಬಾರಿ ದೆವ್ವವಾಗಿ ಅಲ್ಲ, ವೈದ್ಯೆಯಾಗಿ. 2014ರಲ್ಲೂ ರಯಾನ್ ಗಾಸ್ಲಿಂಗ್ ನಿರ್ದೇಶಿಸಿದ ‘ಲಾಸ್ಟ್ ರಿವರ್’ನಲ್ಲಿ ಕಾಣಿಸಿಕೊಂಡರು.

ಇನ್ನು ನಿಮ್ಮ ಮುಂದಿರುವ ಪಾತ್ರ.

ಮೊದಲು, ‘ಧ್ವನಿ ದಪ್ಪ’ ಎಂಬುದು ನಿಜವಾದ ಕಾರಣವೇ ಎಂದು ವಿಚಾರಿಸಿ. ದೆವ್ವದ ಪಾತ್ರಕ್ಕೆ ತೆಳ್ಳಗಿನ ಧ್ವನಿ ಬಂದರೆ ನಾವೇ ಅದರ ಪಿಚ್ ಇಳಿಸಿ ದಪ್ಪ ಮಾಡುತ್ತೇವೆ. ಹಾಗಿರುವಾಗ ದಪ್ಪ ಧ್ವನಿ ತೊಡಕಾಗುವುದು ಹೇಗೆ? ನನ್ನ ಅನುಭವದಲ್ಲಿ ಈ ಮಾತಿನ ಹಿಂದೆ ಬೇರೇನೋ ಇರುತ್ತದೆ. ಡಬ್ಬಿಂಗ್‌ಗೆ ನಿಮ್ಮನ್ನು ಊರಿಂದ ಕರೆಸಿ ಉಳಿಸಿಕೊಳ್ಳುವ ಖರ್ಚು ಇರಬಹುದು, ಹೊಸಬರು ಮೈಕಿನ ಮುಂದೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆಂಬ ಅಂಜಿಕೆ ಇರಬಹುದು, ಅಥವಾ ‘ನಾಯಕಿಯ ಧ್ವನಿ ಹೀಗೇ ಇರಬೇಕು’ ಎಂಬ ಹಳೆಯ ಅಭ್ಯಾಸ. ಹಿಂದೊಮ್ಮೆ ಒಬ್ಬ ನಟಿಯ ಇಡೀ ಪಾತ್ರವನ್ನು ಬೇರೆಯವರಿಂದ ನಾನೇ ಡಬ್ ಮಾಡಿಸಿದೆ. ಆಕೆಗೆ ಹೇಳಿದ ಕಾರಣ ಉಚ್ಚಾರಣೆ. ಆದರೆ ನಡೆದದ್ದು ಇಷ್ಟೇ: ಆಕೆಗೆ ಎರಡು ದಿನ ಬರಲಾಗಲಿಲ್ಲ, ಬಿಡುಗಡೆಯ ದಿನ ಗೊತ್ತಾಗಿಬಿಟ್ಟಿತ್ತು. ಆ ನಟಿ ಮುಂದೆ ಬಹಳ ದಿನ ತನ್ನ ಉಚ್ಚಾರಣೆ ಕೆಟ್ಟದೆಂದೇ ನಂಬಿದ್ದರು. ಅವರಿಗೆ ನಿಜ ಹೇಳದೆ ಇದ್ದದ್ದು ನನ್ನ ತಪ್ಪು.

ಕಾರಣ ಖರ್ಚು ಅಥವಾ ಸಮಯ ಎಂದಾದರೆ ದಾರಿ ಇದೆ. ಒಂದು ವಾಯ್ಸ್ ಟೆಸ್ಟ್ ಕೇಳಿ, ಎರಡು ದೃಶ್ಯ ಸಾಕು. ಒಂದರಲ್ಲಿ ಸೊಸೆ, ಒಂದರಲ್ಲಿ ದೆವ್ವ. ಒಪ್ಪಿದರೆ ಅದನ್ನು ಒಪ್ಪಂದದ ಪತ್ರದಲ್ಲಿ ಬರೆಸಿ, ಡಬ್ಬಿಂಗ್‌ಗೆ ನೀವು ಕೊಡುವ ದಿನಗಳನ್ನೂ ಬರೆಸಿ. ಬಾಯಿಮಾತನ್ನು ನೆಚ್ಚಬೇಡಿ. ಆದರೂ ಕೊನೆಯ ಹೊತ್ತಿನಲ್ಲಿ ಬದಲಾಯಿಸಿಬಿಡುವ ಅಪಾಯ ಉಳಿದೇ ಇರುತ್ತದೆ.

‘ನನ್ನ ಧ್ವನಿ ಇದ್ದರೆ ಮಾತ್ರ’ ಎಂದು ಹಟ ಹಿಡಿಯುವುದು ಎರಡನೆಯ ದಾರಿ. ನಿಮ್ಮ ಎರಡನೆಯ ಚಿತ್ರಕ್ಕೇ ಈ ಹಟ ಹಿಡಿದರೆ ಪಾತ್ರ ಕೈತಪ್ಪುವ ಸಂಭವ ಹೆಚ್ಚು. ಅದಕ್ಕೆ ಸಿದ್ಧರಿದ್ದರೆ ಅದೂ ಗೌರವದ ದಾರಿಯೇ. ಧ್ವನಿ ಬಿಟ್ಟುಕೊಟ್ಟು ಮಾಡುವುದು ಮೂರನೆಯದು. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ 1993ರ ಮಲಯಾಳದ ‘ಮಣಿಚಿತ್ರತಾಳ್’ ನೆನೆಯಿರಿ, ನಮ್ಮ ‘ಆಪ್ತಮಿತ್ರ’ದ ಮೂಲ. ಅದರಲ್ಲಿ ಅವರಿಗೆ ಧ್ವನಿ ಕೊಟ್ಟವರು ಬೇರೆಯವರು. ಆದರೂ ಆ ಕಣ್ಣು, ಆ ನೃತ್ಯ ಯಾರದೆಂದು ಯಾರಿಗೂ ಸಂದೇಹ ಬರಲಿಲ್ಲ. ಈ ದಾರಿ ಹಿಡಿದರೆ ಕಂಠದಾನ ಕಲಾವಿದೆಯನ್ನು ಚಿತ್ರೀಕರಣದ ಸಮಯದಲ್ಲೇ ಭೇಟಿ ಮಾಡಿಸಿ ಎಂದು ಕೇಳಿ, ನಿಮ್ಮ ಪೈಲಟ್ ಟ್ರ್ಯಾಕನ್ನು ಅವರಿಗೆ ಕೇಳಿಸಲು ಹೇಳಿ. ಒಬ್ಬರು ಹಿಡಿದ ಉಸಿರನ್ನು ಇನ್ನೊಬ್ಬರು ಮುಂದುವರಿಸಿದಾಗ ಸಿಗುವ ಫಲ ಬೇರೆ. ಅಪಾಯವೆಂದರೆ, ಮುಂದಿನ ತಂಡವೂ ‘ಆಕೆಯ ಧ್ವನಿ ನಡೆಯುವುದಿಲ್ಲವಂತೆ’ ಎಂಬ ಮಾತನ್ನು ಎತ್ತಿಕೊಳ್ಳುತ್ತದೆ.  ಪಾತ್ರವನ್ನೇ ಬಿಡುವುದೂ ಒಂದು ದಾರಿ. ಆದರೆ ದೆವ್ವದ ಪಾತ್ರ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಚಿತ್ರಕಥೆ ಓದಿ. ದೆವ್ವ ಹಿಡಿಯುವ ಮುಂಚೆ ಆ ಹೆಂಗಸಿಗೆ ಒಂದು ಬದುಕು ಬರೆದಿದ್ದಾರೆಯೇ ನೋಡಿ. ಬರೆದಿಲ್ಲ, ಬರೀ ಕೂದಲು ಬಿಟ್ಟುಕೊಂಡು ಗೋಡೆ ಹತ್ತುವುದಷ್ಟೇ ಎಂದಾದರೆ ಬಿಟ್ಟುಬಿಡಿ. ಕಳೆದ ವರ್ಷ ಅದನ್ನು ಮಾಡಿದ್ದೀರಿ.

ನಾನಾಗಿದ್ದರೆ ಮೊದಲನೆಯದಕ್ಕೆ ಪ್ರಯತ್ನಿಸಿ, ಆಗದಿದ್ದರೆ ಮೂರನೆಯದನ್ನು ಈ ಒಂದು ಚಿತ್ರಕ್ಕೆ ಮಾತ್ರ ಒಪ್ಪುತ್ತಿದ್ದೆ. ಜೊತೆಗೆ ನಾಟಕದ ಕೆಲಸ ಬಿಡುತ್ತಿರಲಿಲ್ಲ. ನಿಮ್ಮ ಧ್ವನಿ ಹೇಗಿದೆ ಎಂದು ನಾಳೆ ಯಾರಾದರೂ ಕೇಳಿದರೆ ಅಲ್ಲಿಗೆ ಕರೆದು ಕೂರಿಸಬಹುದು.

ವಾಯ್ಸ್ ಟೆಸ್ಟಿಗೆ ಕರೆದರೆ ಚೀರುವ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಚೀರಿದರೆ ಗಂಟಲು ಕಟ್ಟಿ, ಮುಂದಿನ ಮೆಲುಮಾತೆಲ್ಲ ಒಡೆಯುತ್ತದೆ. ಆಗ ‘ದಪ್ಪ’ ಎನ್ನುವವರಿಗೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಬಿಸಿನೀರು ಜೊತೆಗಿರಲಿ. ಹೊರಡುವ ಹಿಂದಿನ ರಾತ್ರಿ ‘ಬ್ಲ್ಯಾಕ್ ಸಂಡೇ’ಯನ್ನು ಇನ್ನೊಮ್ಮೆ ಹಾಕಿ. ಪಾಳುಬಿದ್ದ ಪ್ರಾರ್ಥನಾಗೃಹದ ಬಾಗಿಲಲ್ಲಿ ಕಾಟ್ಯಾ ಎರಡು ದೊಡ್ಡ ನಾಯಿಗಳನ್ನು ಹಿಡಿದು ಮೊದಲ ಬಾರಿ ಕಾಣಿಸಿಕೊಳ್ಳುತ್ತಾಳಲ್ಲ, ಅಲ್ಲಿ ಧ್ವನಿಯನ್ನು ಪೂರ್ತಿ ಬಂದ್ ಮಾಡಿ, ಅವರು ಎಲ್ಲೆಲ್ಲಿ ಉಸಿರು ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಎಣಿಸುತ್ತಾ ನೋಡಿ.